ಬಾ ಅನ್ನದ ಮನೆಯ ದಾರಿ

ನಮ್ಮ ಹಳೇ ಪೇಟೆಯ ಓಣಿಗಳನ್ನು ಯಾರು ಹಾಕಿದರೋ ನನಗೆ ಗೊತ್ತಿಲ್ಲ. ಯಾರೇ ಹಾಕಿರಲಿ, ಹೆಣ್ಣುಮಕ್ಕಳನ್ನು ಒಂದು ಮಾತು ಕೇಳಿ ಹಾಕಿದ್ದಲ್ಲ ಎಂದು ಮಾತ್ರ ಎದೆ ತಟ್ಟಿ ಹೇಳಬಲ್ಲೆ. ಅಗಸಿ ಬಾಗಿಲು ದಾಟಿ ಒಳಗೆ ಕಾಲಿಟ್ಟರೆ ಎಪ್ಪತ್ತಕ್ಕೂ ಮೇಲೆ ಓಣಿಗಳಿವೆ, ಒಂದೂ ನೆಟ್ಟಗಿಲ್ಲ. ಕತ್ತರಿ ಓಣಿ ಎರಡಾಗಿ ಸೀಳಿ, ಒಂದಾಗಿ, ಮತ್ತೆ ಮನಸ್ಸು ಬದಲಿಸಿ ಎರಡಾಗುತ್ತದೆ. ಅತ್ತೆ ಓಣಿ, ಸೊಸೆ ಓಣಿ ಎಂದು ಎರಡಿವೆ. ಒಂದೇ ಗೋಡೆಯ ಆಚೆ ಈಚೆ ಓಡಿದರೂ ಕೊನೆಯವರೆಗೆ ಒಂದರ ಮುಖ ಒಂದು ನೋಡುವುದಿಲ್ಲ. ಮಜ್ಜಿಗೆ ಓಣಿ ಯಾರದೋ ಹಿತ್ತಲ ಗೋಡೆಗೆ ಮೂಗು ಹಚ್ಚಿ ನಿಂತುಬಿಡುತ್ತದೆ. ಅದಕ್ಕೆ ಆ ಹೆಸರು ಯಾಕೆ ಬಂತೆಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಸೊಟ್ಟಗಿರುವುದು ದೊಡ್ಡ ಮಾತಲ್ಲ. ಸೊಟ್ಟ ಓಣಿಯನ್ನು ನಾಲ್ಕು ದಿನ ಓಡಾಡಿದರೆ ಕಾಲೇ ಕಲಿತುಕೊಳ್ಳುತ್ತದೆ. ಆದರೆ ನಮ್ಮಲ್ಲಿ ಮನೆಯಿಂದ ಹೊರಡುವವರು ಹೊಸ್ತಿಲಲ್ಲಿ ನಿಂತು "ಹೋಗಿ ಬರ್ತೀನಿ" ಅನ್ನಬೇಕು, ಒಳಗಿರುವ ಆ ಮನೆಯವರು ಯಾರಾದರೂ "ಹೋಗಿ ಬಾ" ಅನ್ನಬೇಕು. ಅಂದರೆ ಓಣಿಗಳು ತಾವಾಗಿ ಹೊರಳಿಕೊಂಡು ನಿಮ್ಮನ್ನು ಮತ್ತೆ ಆ ಮನೆಗೆ ತಂದು ಬಿಡುತ್ತವೆ. ಅನ್ನದಿದ್ದರೆ ಮುಗಿಯಿತು. ನೀವು ಹುಟ್ಟಿ ಬೆಳೆದ ಮನೆಯೇ ಆಗಿರಲಿ, ಸುತ್ತಿ ಸುತ್ತಿ ಅಗಸಿಯ ಬೇವಿನ ಮರದ ಕೆಳಗೇ ಬಂದು ನಿಲ್ಲುತ್ತೀರಿ. ಆಮೇಲೆ ಆ ಮನೆಯವರೊಬ್ಬರು ಬಂದು ಜೊತೆಗೆ ಕರೆದುಕೊಂಡು ಹೋದರೆ ಉಂಟು, ಇಲ್ಲದಿದ್ದರೆ ಇಲ್ಲ.

ಇದಕ್ಕೆ ನಾವೇನೂ ತಲೆ ಕೆಡಿಸಿಕೊಂಡವರಲ್ಲ. ಟಪಾಲಿನವನು ಕಾಗದಗಳನ್ನು ಬೇವಿನ ಕಟ್ಟೆಯ ಮೇಲೆ ಹರವಿ, ಮೇಲೊಂದು ಕಲ್ಲಿಟ್ಟು ಹೋಗುತ್ತಾನೆ. ಒಂದು ಸಲ ಊರಿನ ಆಫೀಸಿನವರು ಪ್ರತಿ ಮೂಲೆಗೂ ಬಾಣದ ಗುರುತಿನ ಬೋರ್ಡು ಹೊಡೆಸಿದ್ದರು. ಅವೆಲ್ಲ ಈಗ ಬಚ್ಚಲುಮನೆಗಳಲ್ಲಿ ಅರಿವೆ ಒಗೆಯುವ ಹಲಗೆಗಳಾಗಿವೆ. ಮೂಗ ಕೂಡ್ಲೆಪ್ಪ ಹೆಂಡತಿಗೆ ಕೈಬೀಸಿ ಸನ್ನೆ ಮಾಡುತ್ತಾನೆ, ಅದೂ ನಡೆಯುತ್ತದೆ. ಒಬ್ಬಳೇ ಇರುವ ಕಾಶವ್ವ ತನ್ನ ಗಿಳಿಗೆ "ಹೋಗಿ ಬಾ" ಕಲಿಸಿದ್ದಳು. ಆ ಗಿಳಿ ಒಮ್ಮೆ ಬಂದುಹೋದ ಪಾತ್ರೆ ಮಾರುವವನಿಗೂ, ಪಿನ್ನು ಬಳೆ ಮಾರುವವಳಿಗೂ "ಹೋಗಿ ಬಾ" ಅಂದು ಅಂದು, ಅವರೆಲ್ಲ ಎಲ್ಲಿಗೆ ಹೊರಟರೂ ಕಾಶವ್ವನ ಬಾಗಿಲಿಗೇ ಬಂದು ನಿಲ್ಲುವಂತಾಯಿತು. ಬೇಡದ ನೆಂಟರಿದ್ದರೆ ನಮಗೆ ಬಾಯಿ ಬಿಟ್ಟು ಬಯ್ಯುವ ಕಷ್ಟವಿಲ್ಲ. "ಆತು" ಎಂದು ಕದ ಮುಂದೆ ಮಾಡಿದರೆ ಸಾಕು.

ಹಿಂಗೆ ಎಲ್ಲ ಚೆಂದವಾಗಿ ನಡೆಯುತ್ತಿದೆ, ಹೆಣ್ಣಿನ ಮದುವೆಯೊಂದು ಬಿಟ್ಟು. ಮದುಮಗಳು ತವರಿನ ಹೊಸ್ತಿಲು ದಾಟುವಾಗ "ಹೋಗಿ ಬರ್ತೀನಿ" ಅನ್ನುವ ಹಾಗಿಲ್ಲ, ಬರೀ "ಹೋಗ್ತೀನಿ" ಅನ್ನಬೇಕು. ಒಳಗಿನವರು "ಹೋಗು" ಅನ್ನಬೇಕು. ಹಾಗೆ ಮಾಡದಿದ್ದರೆ ಹುಡುಗಿ ನೀರಿಗೆ ಹೋದರೂ ಕಾಲು ತವರಿನ ಕಡೆಗೇ ಎಳೆಯುತ್ತದಂತೆ, ಗಂಡನ ಮನೆ ನಿಲ್ಲುವುದಿಲ್ಲವಂತೆ. ಹೀಗೆಂದು ಹೇಳಿದವರು ಗಂಡಸರು; ತಮ್ಮ ತಾಯಿಯ ಮನೆಯಿಂದ ಎಂದೂ ಹೊರಬೀಳದವರು. ಆಮೇಲೆ ವರ್ಷಕ್ಕೊಮ್ಮೆ ಪಂಚಮಿ ಹಬ್ಬಕ್ಕೆ ಅಣ್ಣನೋ ತಮ್ಮನೋ ಬಂದು ಕರೆದುಕೊಂಡು ಹೋದರೆ ನಾಲ್ಕು ದಿನ ತವರು. ತಿರುಗಿ ಹೊರಡುವಾಗ ಮತ್ತೆ ಅದೇ "ಹೋಗು."

ನನಗೆ ಹಾಗೆ "ಹೋಗು" ಅಂದು ಇಪ್ಪತ್ತಾರು ವರ್ಷವಾಯಿತು. ನನ್ನ ಹೆಸರು ಸಾವಂತ್ರವ್ವ. ಸೊಸೆ ಓಣಿಯಲ್ಲಿ ಮನೆ, ಮನೆಯ ಮುಂಭಾಗದಲ್ಲೇ ಹೊಲಿಗೆ ಮಶೀನು. ಪೇಟೆಯ ಅರ್ಧ ಹೆಂಗಸರ ಕುಪ್ಪಸ ನಾನೇ ಹೊಲಿದದ್ದು. ಗಂಡ ಈರಬಸು ಕಲಾಯಿ ಹಾಕುವವನು, ಮಾತು ಕಡಿಮೆ, ಒಳ್ಳೆಯ ಮನುಷ್ಯ. ತವರುಮನೆ ಕತ್ತರಿ ಓಣಿಯ ಆಚೆ. ಗಾಳಿ ಇತ್ತ ಬೀಸಿದರೆ ಅಲ್ಲಿ ಹಾಕಿದ ಒಗ್ಗರಣೆಯ ವಾಸನೆ ನನ್ನ ಮಶೀನಿನವರೆಗೆ ಬರುತ್ತದೆ. ಅಷ್ಟು ಹತ್ತಿರ, ಮತ್ತು ಅಷ್ಟೇ ದೂರ.

ಮೂರು ವರ್ಷದ ಹಿಂದಿನ ಪಂಚಮಿಗೆ ನನ್ನ ಅಣ್ಣ ಅಡಿವೆಪ್ಪ ಕರೆಯಲು ಬಂದಿದ್ದ, ಹೋಗಿದ್ದೆ. ಅಣ್ಣನದು ಅಗಸಿಯ ಹೊರಗೆ ಹಗ್ಗದ ಅಂಗಡಿ. ಹಗ್ಗದ ಜೊತೆ ಇದ್ದೂ ಇದ್ದೂ ಎಲ್ಲರನ್ನೂ ಕಟ್ಟಿಯೇ ಇಡಬೇಕು ಅನ್ನುವ ಬುದ್ಧಿ. ಹಬ್ಬದ ದಿನ ಉಂಡಿಯ ಪಾಕ ಸ್ವಲ್ಪ ಗಟ್ಟಿಯಾಯಿತು ಎಂದು, ಬಂದ ನೆಂಟರ ಮುಂದೆ ತನ್ನ ಹೆಂಡತಿಯ ಮೇಲೆ, ನನ್ನ ವೈನಿಯ ಮೇಲೆ, ಕೈ ಎತ್ತಿದ. ವೈನಿ ದ್ಯಾಮವ್ವ ಮೂವತ್ತು ವರ್ಷದಿಂದ ಆ ಕೈ ನೋಡಿದವಳು, ಕಣ್ಣು ಮುಚ್ಚಿ ನಿಂತಳು. ನಾನು ಎದ್ದು ಅಣ್ಣನ ಮುಂಗೈ ಹಿಡಿದೆ. ಕತ್ತರಿ ಹಿಡಿದು ಹಿಡಿದು ನನ್ನ ಕೈಗೂ ಬಲ ಬಂದಿತ್ತೆಂದು ಕಾಣುತ್ತದೆ, ಅವನು ಬಿಡಿಸಿಕೊಳ್ಳಲಾಗದೆ ಒಂದು ಸುತ್ತು ತಿರುಗಿದ. ನೆಂಟರಲ್ಲಿ ಯಾರೋ ನಕ್ಕರು. ಅವತ್ತೇ ಸಂಜೆ ನನ್ನನ್ನು ಹೊಸ್ತಿಲಿಗೆ ಕರೆದು, "ಹೋಗು. ಇನ್ನ ನಿನ್ನ ಕರಿಯಾಕ ಈ ಮನಿಯಿಂದ ಯಾರೂ ಬರಂಗಿಲ್ಲ" ಅಂದ. ಮೂರು ಪಂಚಮಿ ಹಾಗೇ ಹೋದವು.

ಹೋಗಲಿ ಬಿಡು ಎಂದು ಹಲ್ಲು ಕಚ್ಚಿಕೊಂಡಿದ್ದೆ. ಆದರೆ ಮೊನ್ನೆ ಅಗಸಿಯ ಹೊರಗಿನ ಹಿಟ್ಟಿನ ಗಿರಣಿಯಲ್ಲಿ ವೈನಿ ಸಿಕ್ಕಳು. ಆಚೀಚೆ ನೋಡಿ ನನ್ನ ಸೆರಗು ಹಿಡಿದೆಳೆದು, "ಅತ್ತಿ ಬಚ್ಚಲದಾಗ ಜಾರಿ ಬಿದ್ದಾರ, ಸಾವಂತ್ರವ್ವಾ. ಕಾಲು ಮುರದೈತಿ. ಹದಿನೈದು ದಿನಾ ಆತು, ಹಾಸಿಗಿ ಮ್ಯಾಲ ಅದಾರ. ಕದಾ ಸಪ್ಪಳಾದ್ರ ಸಾಕು, ಸಾಂತ್ರಿ ಬಂದಳೇನು ಅಂತ ಕೇಳತಾರ" ಅಂದಳು. ನನ್ನನ್ನು ಸಾಂತ್ರಿ ಅನ್ನುವವಳು ನಮ್ಮ ಅವ್ವ ಒಬ್ಬಳೇ. "ಮತ್ತ ನೀನ ಕರಕೊಂಡು ಹೋಗು ನಡಿ" ಅಂದೆ. ವೈನಿ ತಲೆ ತಗ್ಗಿಸಿದಳು. "ನಾ ಕರಕೊಂಡು ಬಂದ್ರ ನನಗೂ ಹೋಗು ಅಂತಾರ. ನಾ ಎಲ್ಲಿಗೆ ಹೋಗಲಿ? ನನ್ನ ತವರಿನಾಗ ಕರಿಯಾವರು ಯಾರೂ ಉಳದಿಲ್ಲ" ಅಂದಳು. ಅವಳ ಮೇಲೆ ನನಗೆ ಸಿಟ್ಟು ಬರಲಿಲ್ಲ. ಸಿಟ್ಟೆಲ್ಲ ಓಣಿಗಳ ಮೇಲೆ ಬಂತು.

ಯಾರೂ ಕರೆಯದಿದ್ದರೆ ಕರೆಯದೇ ಹೋಗುತ್ತೇನೆ ಎಂದು ಮಾರನೆಯ ಬೆಳಿಗ್ಗೆಯೇ ಹೊರಟೆ. ಮೊದಲ ದಿನ ಕಾಲನ್ನು ನಂಬಿದೆ. ಚಿಕ್ಕವಳಿದ್ದಾಗ ಕಣ್ಣು ಕಟ್ಟಿಕೊಂಡು ಓಡಾಡಿದ ಓಣಿ. ಮೂರನೆಯ ತಿರುವಿನಲ್ಲಿ ನಮ್ಮ ಮನೆಯ ಕಟ್ಟೆ ಕಾಣಬೇಕು, ಕಂಡದ್ದು ಬೇವಿನ ಮರ. ಎರಡನೆಯ ದಿನ ಮಶೀನಿನ ದಾರದುಂಡೆ ತೆಗೆದುಕೊಂಡು, ಒಂದು ತುದಿಯನ್ನು ನಮ್ಮ ಕದಕ್ಕೆ ಕಟ್ಟಿ, ಬಿಚ್ಚುತ್ತಾ ಹೋದೆ. ದಾರ ಮುಗಿಯುವಷ್ಟರಲ್ಲಿ ನನ್ನ ಸೊಂಟಕ್ಕೇ ಮೂರು ಸುತ್ತು ಸುತ್ತಿಕೊಂಡಿತ್ತು, ಮುಂದೆ ಅದೇ ಬೇವಿನ ಮರ. ಮೂರನೆಯ ದಿನ ಗಿರಣಿಯಿಂದ ಹೊರಟ ವೈನಿಯ ಹಿಂದೆ, ಅವಳಿಗೂ ಗೊತ್ತಾಗದಂತೆ, ಹತ್ತು ಹೆಜ್ಜೆ ಬಿಟ್ಟು ನಡೆದೆ. ಅವಳು ಮೂಲೆ ತಿರುಗಿದಳು, ನಾನೂ ತಿರುಗಿದೆ. ಅವಳಿಲ್ಲ. ಮರ ಇದೆ.

ಬೇವಿನ ಕಟ್ಟೆಯ ಮೇಲೆ ಗುರುಪಾದಪ್ಪ ಕುಳಿತಿದ್ದ. ಪೇಟೆಯ ಹಿರಿಯ, ನ್ಯಾಯ ಹೇಳುವವನು. ಎಲೆ ಮಡಿಸುತ್ತಾ, "ಏನವಾ ಸಾವಂತ್ರವ್ವ, ಮೂರು ದಿನದಿಂದ ಪ್ರದಕ್ಷಿಣಿ ನಡಸೀದಿ. ಅಣ್ಣ ಕರೀಲಾರದ ತವರಮನಿ ಹೆಂಗ ಸಿಗತೈತಿ? ಮನಿಗೆ ಹೋಗಿ ನಾಕು ಕುಪ್ಪಸಾ ಹೊಲಿ" ಅಂದ. "ನಿಮಗ ಬಾಯಿ ಮುಚ್ಚೂದಕ್ಕೂ ಒಂದು ಹೊಲಿದು ಕೊಡ್ಲೇನ್ರಿ ಮುತ್ಯಾ?" ಎಂದು ಕೇಳಿ ಬಂದೆ. ಮಾತಲ್ಲಿ ಗೆದ್ದೆ ನಿಜ. ಮನೆಗೆ ಬಂದು ಮಶೀನಿನ ಮೇಲೆ ತಲೆಯಿಟ್ಟು ಅತ್ತೆ. ಅವ್ವ ಅಲ್ಲಿ ಕದದ ಸಪ್ಪಳಕ್ಕೆ ಕಿವಿಗೊಟ್ಟು ಮಲಗಿದ್ದಾಳೆ, ನಾನು ಇಲ್ಲಿ ಗಿರಿಗಿಟ್ಟಲೆಯಂತೆ ಸುತ್ತುತ್ತಿದ್ದೇನೆ.

ಮರುದಿನ ನಮ್ಮ ಮಣ್ಣಿನ ಮಾಳಿಗೆಯ ಮೇಲೆ ಧಬಧಬ ಸದ್ದಾಯಿತು. ಒಣ ಹಾಕಿದ ಸಂಡಿಗೆಗೆ ಮಂಗಗಳು ಬಂದಿದ್ದವು. ಕೋಲು ಹಿಡಿದು ಹತ್ತಿದೆ. ದೊಡ್ಡದೊಂದು ಮಂಗ ಹಿಡಿ ತುಂಬ ಸಂಡಿಗೆ ಎತ್ತಿಕೊಂಡು ಪಕ್ಕದ ಮಾಳಿಗೆಗೆ ಜಿಗಿಯಿತು, ಅಲ್ಲಿಂದ ಅದರಾಚೆಯ ಮಾಳಿಗೆಗೆ. ಹಾಗೆ ಹೋಗಿ ಹೋಗಿ ಹೊಗೆ ಏಳುತ್ತಿದ್ದ ಒಂದು ಬೆಳಕಿಂಡಿಯ ಪಕ್ಕ ಕುಳಿತು ನನ್ನ ಸಂಡಿಗೆ ತಿನ್ನತೊಡಗಿತು. ಅದು ನಮ್ಮ ಅವ್ವನ ಅಡುಗೆಮನೆಯ ಬೆಳಕಿಂಡಿ. ಆ ಹೊಗೆ ನನಗೆ ಗೊತ್ತಿಲ್ಲದ್ದಲ್ಲ. ಇಪ್ಪತ್ತಾರು ವರ್ಷ ಇದೇ ಮಾಳಿಗೆಯಲ್ಲಿ ಹಪ್ಪಳ ಸಂಡಿಗೆ ಒಣಗಿಸಿದ್ದೇನೆ. ಅದು ಕಾಣುತ್ತದೆಂದೇ ಆ ಕಡೆಗೆ ಬೆನ್ನು ಹಾಕಿ ಕೂರುತ್ತಿದ್ದೆ. ಅವತ್ತು ಮೊದಲ ಸಲ ಎಣಿಸಿದೆ. ನಡುವೆ ಹನ್ನೊಂದು ಮಾಳಿಗೆ, ಕತ್ತರಿ ಓಣಿಯ ಸಂದೊಂದು ಬಿಟ್ಟರೆ ಒಂದಕ್ಕೊಂದು ಗೋಡೆ ಹತ್ತಿಸಿಕೊಂಡು ನೇರ ಸಾಲಿನಲ್ಲಿ. ಕೆಳಗಿನ ಗೊಂದಲ ಒಂದೂ ಮೇಲಿರಲಿಲ್ಲ. ಆ ಮಂಗನಿಗೆ ಯಾರು ಬಾ ಅಂದಿದ್ದರು?

ಒಬ್ಬರ ಮಾಳಿಗೆಯ ಮೇಲೆ ಇನ್ನೊಬ್ಬರು ನಡೆಯುವುದೆಂದರೆ ಆ ಮನೆಯವರ ತಲೆ ಮೆಟ್ಟಿದಂತೆ ಎಂದು ನಮ್ಮಲ್ಲಿ ತಿಳಿಯುತ್ತಾರೆ. ಮಣ್ಣು ಹಾಕುವ ಆಳು ಕೂಡ ಕೇಳಿಯೇ ಹತ್ತಬೇಕು. ಹೆಂಗಸು ಹತ್ತಿದಳೆಂದು ನಾನಂತೂ ಕೇಳಿಲ್ಲ. ಕೆಳಗಿಳಿದು ಬಂದು ಸೀರೆಯನ್ನು ಕಚ್ಚೆ ಹಾಕಿ ಬಿಗಿದೆ. ಅವ್ವನಿಗೆಂದು ಎರಡು ಹಳೇ ಮೆತ್ತನೆಯ ಸೀರೆ ಗಂಟು ಕಟ್ಟಿಕೊಂಡೆ. ಗಂಡ ತಾಮ್ರದ ಹಂಡೆ ತಿಕ್ಕುತ್ತಿದ್ದವನು ಕೈ ನಿಲ್ಲಿಸಿ, "ಎಲ್ಲಿಗೆ ಹೊಂಟಿ?" ಅಂದ. "ತವರಿಗ್ರಿ" ಅಂದೆ. "ಕದಾ ಈ ಕಡೆ ಐತಿ" ಅಂದ. "ಆ ಕದಾ ಸಾಕಾತ್ರಿ" ಅಂದೆ. ಅವನು ಒಂದು ಕ್ಷಣ ಮೇಲೆ ನೋಡಿದ. ಎದ್ದು ಹಿತ್ತಲಿನಿಂದ ಉದ್ದನೆಯ ಹಲಗೆ ತಂದು, "ಕತ್ತರಿ ಓಣಿ ಮ್ಯಾಲ ಸಂದು ಅಗಲ ಐತಿ, ಇದನ್ನ ಹಾಕ್ಕೊ. ಹೋಗಿ ಬಾ" ಅಂದ. ಅವನ ಬಗ್ಗೆ ಒಳ್ಳೆಯ ಮನುಷ್ಯ ಎಂದು ಸುಮ್ಮನೆ ಹೇಳಲಿಲ್ಲ.

ಮೊದಲ ಎರಡು ಮಾಳಿಗೆ ಸಲೀಸಾಗಿ ದಾಟಿದೆ. ಮೂರನೆಯದರ ಮೇಲೆ ಕಾಲಿಟ್ಟೊಡನೆ ಬೆಳಕಿಂಡಿಯ ಕೆಳಗಿನಿಂದ ಹೆಂಗಸಿನ ದನಿ ಬಂತು. "ಯಾರದು ಮ್ಯಾಲ?" "ನಾನು, ಸಾವಂತ್ರವ್ವ. ತವರಿಗೆ ಹೊಂಟೀನಿ." ಬಯ್ಯುತ್ತಾಳೆ ಅಂದುಕೊಂಡೆ. ಅವಳು ಮೆಲ್ಲಗೆ, "ನಡುವ ಮಣ್ಣು ಮೆತ್ತಗೈತಿ ನಮ್ಮವ್ವಾ. ಗ್ವಾಡಿ ಮ್ಯಾಲ ಕಾಲಿಟಗೊಂತ ಹೋಗು" ಎಂದಳು. ಮುಂದಿನ ಮಾಳಿಗೆಯಲ್ಲಿ ಬಟ್ಟೆ ಒಣ ಹಾಕುತ್ತಿದ್ದ ಒಬ್ಬಳು ನನ್ನನ್ನು ನೋಡಿ, ಏನೂ ಕೇಳದೆ, ತಂತಿಯ ಮೇಲಿನ ಸೀರೆಯನ್ನು ಎತ್ತಿ ಹಿಡಿದು ದಾರಿ ಬಿಟ್ಟಳು. ಅವಳ ತವರು ಎಲ್ಲಿಯದೋ ನನಗೆ ಗೊತ್ತಿಲ್ಲ. ಅವಳ ಕಣ್ಣು ಮಾತ್ರ ನಾನು ಹೋಗುವ ದಾರಿಯಲ್ಲೇ ನೆಟ್ಟಿತ್ತು.

ಕತ್ತರಿ ಓಣಿಯ ಮೇಲೆ ಹಲಗೆ ಹಾಕಿ ನಡುವೆ ನಿಂತಾಗ ಕೆಳಗೆ ಜನ ಸೇರಿದರು. ಗುರುಪಾದಪ್ಪನೂ ಬಂದ. ಮೇಲೆ ನೋಡಬೇಕೋ, ನೋಡಬಾರದೋ ತಿಳಿಯದೆ ಗೋಡೆಯನ್ನು ನೋಡುತ್ತಾ ಕೂಗಿದ. "ಇಳಿ ಕೆಳಗ! ಮಂದಿ ತಲಿ ಮ್ಯಾಲ ನಡಿಯಾಕ ನಾಚಿಕಿ ಆಗಂಗಿಲ್ಲ?" ನನಗೂ ಹೆದರಿಕೆಯಾಗಿತ್ತು. ಆದರೂ ಕೂಗಿದೆ. "ಓಣಿ ನಿಮ್ಮಾವು ಮುತ್ಯಾ, ಅಲ್ಲಿ ನಿಮ್ಮ ಮಾತು ನಡಸ್ರಿ. ಇಲ್ಲಿ ಓಣಿನ ಇಲ್ಲ!" ಕೆಳಗೆ ಯಾರೋ ಶಿಳ್ಳೆ ಹಾಕಿದರು. ಹಲಗೆ ಒಂದು ಸಲ ಕಿರ್ ಎಂದಿತು, ನಾನು ಆಚೆಯ ಮಾಳಿಗೆಯ ಮೇಲೆ ಬಿದ್ದೆ.

ಅವ್ವನ ಬೆಳಕಿಂಡಿ ಚಿಕ್ಕದು, ನಾನು ಚಿಕ್ಕವಳಲ್ಲ. ಕಾಲು ಇಳಿಬಿಟ್ಟೆ, ಸೊಂಟದ ಹತ್ತಿರ ಸಿಕ್ಕಿಕೊಂಡೆ. ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು. "ಅಯ್ಯ ಶಿವನ!" ಎಂದ ವೈನಿಯ ದನಿ. ಕಾಲು ನೋಡಿಯೇ ನನ್ನ ಗುರುತು ಹಿಡಿದಳೆಂದು ಕಾಣುತ್ತದೆ, ಜೋಳದ ಚೀಲ ಎಳೆದು ತಂದು ಕೆಳಗೆ ಹಾಕಿ, ನನ್ನ ಎರಡೂ ಪಾದ ಹಿಡಿದು ಜಗ್ಗಿದಳು. ಮೊಣಕೈ ತರಚಿಕೊಂಡು ಚೀಲದ ಮೇಲೆ ಬಿದ್ದೆ. ಮೂರು ವರ್ಷದ ನಂತರ ತವರಿಗೆ ಬಂದಿದ್ದೆ, ಮುಖದ ತುಂಬ ಮಸಿ.

ನಡುಮನೆಯಲ್ಲಿ ಅವ್ವ ಗೋಡೆಗೆ ಒರಗಿ ಮಲಗಿದ್ದಳು. ಕಾಲಿಗೆ ಬಿದಿರ ಪಟ್ಟಿ ಕಟ್ಟಿದ್ದರು. ಅರ್ಧಕ್ಕರ್ಧ ಇಳಿದುಹೋಗಿದ್ದಳು. "ಸಾಂತ್ರೀ, ಅಣ್ಣ ಕರದನೇನು?" ಎಂದು ಕೇಳಿದಳು. "ಇಲ್ಲಬೇ." "ಮತ್ತ ಹೆಂಗ ಬಂದಿ?" ಬೆರಳಿನಿಂದ ಮೇಲೆ ತೋರಿಸಿದೆ. ಅವ್ವ ಬೆಳಕಿಂಡಿಯನ್ನೂ ನನ್ನ ಸೊಂಟವನ್ನೂ ನೋಡಿ ನಗತೊಡಗಿದಳು. ನಕ್ಕರೆ ಕಾಲು ನೋಯುತ್ತಿತ್ತು, ಆದರೂ ನಕ್ಕಳು. ಆಮೇಲೆ ನನ್ನ ಮಸಿ ಮುಖವನ್ನು ಎದೆಗೆ ಒತ್ತಿಕೊಂಡು ಅತ್ತಳು. ನನಗೂ ತಡೆಯಲಾಗಲಿಲ್ಲ. "ಅವತ್ತು ಮದುವ್ಯಾಗ ನಿನಗ ಹೋಗಿ ಬಾ ಅನ್ನಬೇಕು ಅಂತ ಬಾಯಿ ತನಕ ಬಂದಿತ್ತವಾ. ನಾಕು ಮಂದಿ ಏನಂತಾರೋ ಅಂತ ನುಂಗಿದೆ. ಆವತ್ತ ನುಂಗಿದ್ದು ಇನ್ನೂ ಗಂಟಲದಾಗ ಐತಿ" ಅಂದಳು. ವೈನಿ ಒಲೆಯ ಮುಂದೆ ಕುಳಿತೇ ಎಲ್ಲ ಕೇಳಿಸಿಕೊಂಡಳು.

ಮಧ್ಯಾಹ್ನ ಊಟಕ್ಕೆ ಅಣ್ಣ ಬಂದ. ಸುದ್ದಿ ಅವನಿಗಿಂತ ಮುಂಚೆಯೇ ಅವನ ಅಂಗಡಿ ಮುಟ್ಟಿತ್ತು, ಮುಖ ಕೆಂಡವಾಗಿತ್ತು. "ಯಾರು ಕರದಾರ ನಿನ್ನ?" ಅಂದ. "ಯಾರೂ ಕರದಿಲ್ಲ" ಅಂದೆ. "ಕರೀಲಾರದ ಮನಿಗೆ ಕಳ್ಳರಂಗ ಮ್ಯಾಲಿಂದ ಇಳಿತಿ?" "ಕಳ್ಳರು ಹಾಡಹಗಲೇ, ಊರ ಮಂದಿ ಶಿಳ್ಳಿ ಹೊಡಿಯಾಗ ಬರಂಗಿಲ್ಲಣ್ಣ." ಅವನು ಬಾಗಿಲ ಕಡೆ ಕೈ ತೋರಿಸಿದ. "ಎದ್ದು ಹೋಗು." "ಹೋಗ್ತೀನಿ. ನಾಳೆ ಬರ್ತೀನಿ. ನಾಡದೂ ಬರ್ತೀನಿ. ಅವ್ವ ಎದ್ದು ಓಡಾಡೂತನಕ ದಿನಾ ಬರ್ತೀನಿ. ಹನ್ನೊಂದ ಮಾಳಗಿ ಅಷ್ಟ" ಅಂದೆ.

"ನೋಡತೀನಿ ಹೆಂಗ ಬರತಿ ಅಂತ. ಈಗಿಂದೀಗ ಗೌಂಡಿನ ಕರ್ಕೊಂಡು ಬಂದು ಬೆಳಕಿಂಡಿಗೆ ಕಲ್ಲು ಬಡಸ್ತೀನಿ. ಹೊಗೀ ತುಂಬಿ ಸತ್ರೂ ಸಾಯ್ರಿ" ಎಂದು ಅಣ್ಣ ಊಟವನ್ನೂ ಮಾಡದೆ ಚಪ್ಪಲಿ ಕೈಗೆತ್ತಿಕೊಂಡು ಬಾಗಿಲಿಗೆ ಹೋದ. ಅಂಗಡಿಯ ಕದ ತೆರೆದಿಟ್ಟೇ ಬಂದಿದ್ದ, ಅವಸರದಲ್ಲಿದ್ದ. ಒಂದು ಕಾಲು ಹೊಸ್ತಿಲ ಆಚೆ ಇಟ್ಟು, ಎಂಥ ಸಿಟ್ಟಿದ್ದರೂ ನಮ್ಮ ಪೇಟೆಯವರ ಬಾಯಿಗೆ ಬಂದೇ ಬರುವ ಮಾತನ್ನು ಅಂದ. "ಹೋಗಿ ಬರ್ತೀನಿ."

"ಹೋಗಿ ಬಾ" ಎಂದು ಯಾರೂ ಅನ್ನಲಿಲ್ಲ. ರೊಟ್ಟಿಯ ಗದ್ದಲದಲ್ಲಿ ವೈನಿಗೆ ಕೇಳಿಸಿಲ್ಲವೇನೋ ಎಂದು ನಾನು ತಿರುಗಿ ನೋಡಿದೆ. ವೈನಿ ರೊಟ್ಟಿ ಬಡಿಯುತ್ತಿರಲಿಲ್ಲ. ಹಿಟ್ಟಿನ ಕೈಯನ್ನು ಮೊಣಕಾಲ ಮೇಲಿಟ್ಟುಕೊಂಡು ಸುಮ್ಮನೆ ಕುಳಿತಿದ್ದಳು. ಅಣ್ಣ ಇನ್ನೊಮ್ಮೆ ಜೋರಾಗಿ, "ಹೋಗಿ ಬರ್ತೀನಿ!" ಅಂದ. ವೈನಿ ಒಲೆಯ ಬೆಂಕಿಯನ್ನು ಮುಂದೆ ದೂಡಿದಳು. ಅಣ್ಣ ಅವ್ವನ ಕಡೆ ನೋಡಿದ. ಅವ್ವ, ಕಾಲು ಅಲುಗದಂತೆ ಜೋಪಾನವಾಗಿ, ಮುಖವನ್ನು ಗೋಡೆಯ ಕಡೆಗೆ ತಿರುಗಿಸಿದಳು. ಅವನ ಗಂಡುಮಕ್ಕಳಿಬ್ಬರೂ ಬೇರೆ ಊರಿನಲ್ಲಿ ಓದುತ್ತಿದ್ದರು. ಆ ಮನೆಯಲ್ಲಿ ಅವನಿಗೆ ಬಾ ಅನ್ನುವ ಬಾಯಿ ಇದ್ದದ್ದು ಇವೆರಡೇ.

ಆಗ ನನಗೆ ಹೊಳೆಯಿತು. ಪೇಟೆಯ ಗಂಡಸರು ದಿನ ಬೆಳಗಾದರೆ ಹೊಸ್ತಿಲಲ್ಲಿ ನಿಂತು ನಮ್ಮ ಒಂದು ಮಾತು ಕೇಳಿಕೊಂಡು ಹೋಗುತ್ತಾರೆ. ನಾವು ಒಗ್ಗರಣೆ ಹಾಕುತ್ತಾ, ಮಗುವಿನ ಮೂಗು ಒರೆಸುತ್ತಾ, ಹಿಂದೆ ತಿರುಗಿಯೂ ನೋಡದೆ ಅದನ್ನು ಕೊಟ್ಟುಬಿಡುತ್ತೇವೆ. ನಮಗೆ ಯಾರೂ ಕೊಡದಿದ್ದದ್ದನ್ನು ಅವರಿಗೆ ಇಷ್ಟು ವರ್ಷ ಸಲೀಸಾಗಿ ಕೊಟ್ಟಿದ್ದೆವು. ಹನ್ನೊಂದು ಮಾಳಿಗೆ ಹಾರಿ ಬಂದ ನನಗೂ ಇದು ತಿಳಿದಿರಲಿಲ್ಲ. ಒಲೆಯ ಮುಂದೆ ಕುಳಿತ ವೈನಿಗೆ ತಿಳಿದಿತ್ತು.

ಅಣ್ಣನ ಆಚೆ ಇಟ್ಟ ಕಾಲು ಒಳಗೆ ಬಂತು. "ಏ ದ್ಯಾಮವ್ವಾ, ಕಿವುಡಾಗೀಯೇನು?" ಎಂದು ಕೈ ಎತ್ತಿಕೊಂಡು ಎರಡು ಹೆಜ್ಜೆ ಬಂದ. ನಾನು ಏಳುವ ಮೊದಲೇ ಅವ್ವ ಗೋಡೆಯ ಕಡೆ ನೋಡುತ್ತಲೇ ಅಂದಳು, "ಹೊಡಿ. ಹೊಡದ ಮ್ಯಾಲ ಅಂಗಡಿಗೆ ಹೋಗಬೇಕಲ್ಲ, ಆಗ ಯಾರ ಕೈಲೆ ಹೋಗಿ ಬಾ ಅನಿಸಿಕೊಂಡು ಹೋಗತಿ? ಸಾಂತ್ರಿಗಿಲ್ಲದ್ದು ನಿನಗೂ ಇಲ್ಲ." ಎತ್ತಿದ ಕೈ ಅಲ್ಲೇ ನಿಂತಿತು. ಓಣಿಯಲ್ಲಿ, ಅಣ್ಣನ ಜೊತೆಗೇ ಬಂದಿದ್ದ ಗುರುಪಾದಪ್ಪನ ಕೆಮ್ಮು, ಬಾಗಿಲ ಬಳಿ ನಾಲ್ಕೈದು ನೆರಳು. ಅಣ್ಣ ಕೈ ಇಳಿಸಿದ. ನನ್ನ ಕಡೆ ನೋಡದೆ, ನೆಲಕ್ಕೆ ಹೇಳುವಂತೆ, "ನೀ ಹೋಗಿ ಬಾ" ಅಂದ.

"ಓಣಿಗೆ ಕೇಳಿಸಲಿಲ್ಲ" ಅಂದಳು ಅವ್ವ.

ಅಣ್ಣನ ಕುತ್ತಿಗೆಯ ನರ ಉಬ್ಬಿದವು. ಅವನೂ ನನ್ನ ಜೊತೆ ಇದೇ ಹಾಸಿಗೆಯ ಮೇಲೆ ಮಲಗಿ ಬೆಳೆದವನು ಎಂದು ಒಂದು ಗಳಿಗೆ ನೆನಪಾಯಿತು. ಆದರೆ ಬೇಡ ಬಿಡು ಅಂತ ನಾನು ಅನ್ನಲಿಲ್ಲ. ಇಪ್ಪತ್ತಾರು ವರ್ಷ ಕಾದಿದ್ದೆ. ಅವನು ಬಾಗಿಲ ಕಡೆ ತಿರುಗಿ, ಹೊರಗೆ ನಿಂತವರೆಲ್ಲ ಕೇಳುವಂತೆ, "ಹೋಗಿ ಬಾರವಾ ಸಾವಂತ್ರೀ!" ಎಂದು ಕೂಗಿದ. ಹೊರಗಿನ ಕೆಮ್ಮು ನಿಂತುಹೋಯಿತು. "ಹೋಗಿ ಬರ್ತೀನಣ್ಣ" ಅಂದೆ.

ಅಣ್ಣ ಚಪ್ಪಲಿ ಹಿಡಿದುಕೊಂಡೇ ಅಡುಗೆಮನೆಯ ಕಡೆ ತಿರುಗಿದ. "ಈಗರೆ ಅಂತೀಯೇನು?" ಎಂದು ಕೇಳಿದ. ವೈನಿ ಎದ್ದಳು. ಹಿಟ್ಟಿನ ಕೈ ತೊಳೆದು, ಸೆರಗಿಗೆ ಒರೆಸಿಕೊಂಡು ನಡುಮನೆಗೆ ಬಂದು ಅವನೆದುರಿಗೆ ನಿಂತಳು. ಮೂವತ್ತು ವರ್ಷದಲ್ಲಿ ಅವಳು ಅವನ ಮುಖವನ್ನು ನೇರವಾಗಿ ನೋಡಿದ್ದನ್ನು ನಾನು ಕಂಡಿರಲಿಲ್ಲ.

"ಸಾವಂತ್ರವ್ವಂದು ಆತ್ರಿ" ಅಂದಳು. "ಚಪ್ಪಲಿ ಕೆಳಗ ಇಟ್ಟು ಕುಂಡ್ರಿ. ನಂದು ಇನ್ನೂ ಹೇಳೂದೈತಿ."

ಅಣ್ಣ ಚಪ್ಪಲಿ ಕೆಳಗಿಟ್ಟು ಕುಳಿತ.